ಟೀವಿ ಆಟದ ಪುಟ್ಟ ಪೆಟ್ಟಿಗೆ

ವಿಡಿಯೋ ಗೇಮ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಇಂದಿಗೂ ಇದ್ದಾರೆ. ಅವರನ್ನು ಒಲಿಸಿಕೊಳ್ಳುವುದು ಈ ಲೇಖನದ ಉದ್ದೇಶವಲ್ಲ. ನನ್ನ ಕುತೂಹಲ ಬೇರೆ. ೧೯೯೦ರ ಆಚೀಚೆ ಬಾಲ್ಯವನ್ನು ಕಳೆದವರಲ್ಲಿ ಅನೇಕರು, ಈಗ ತಲೆಯಲ್ಲಿ ಬೆಳ್ಳಿಗೂದಲು ಇಣುಕತೊಡಗಿದ ಮೇಲೂ, ಮೀಸೆಯ ಮಾರಿಯೋ ಎಂಬ ಆ ಕುಳ್ಳ ಗೊಂಬೆ ಓಡುವುದನ್ನು ಕಂಡರೆ ಒಂದು ಗಳಿಗೆ ನಿಂತು ನೋಡುತ್ತಾರೆ. ಆ ಆಟದ ರಾಗ ಕೇಳಿದರೆ ಅವರ ಹೆಬ್ಬೆರಳು ತಾನಾಗಿ ಅಲುಗುತ್ತದೆ. ಈಚಿನ ಆಟಗಳ ಚಿತ್ರಗಳಾದರೋ ಛಾಯಾಚಿತ್ರಗಳನ್ನು ನಾಚಿಸುವಂತಿವೆ. ಹಾಗಿದ್ದೂ ಆ ಒರಟು ಚೌಕಗಳ ಮೇಲೆ ಇಷ್ಟು ಮಮತೆ ಏಕೆ? ಬಾಲ್ಯದ್ದೆಲ್ಲವೂ ಸಿಹಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಅದು ಅರ್ಧ ಉತ್ತರ. ಉಳಿದರ್ಧ ಆ ಪೆಟ್ಟಿಗೆಯ ಒಳಗೇ ಇದೆ.

ಮೊದಲು ಪೆಟ್ಟಿಗೆಯ ಪೂರ್ವೋತ್ತರ. ಜಪಾನಿನ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ತಯಾರಿಸಲು ತೊಡಗಿದ ಒಂದು ಅಂಗಡಿ, ನಿಂಟೆಂಡೋ. ಅದು ಬೆಳೆಯುತ್ತ ಆಟಿಕೆಗಳಿಗೆ ಕೈಹಾಕಿ, ೧೯೮೩ರ ಜುಲೈ ೧೫ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮಸಾಯುಕಿ ಉಎಮುರಾ ಎಂಬ ಎಂಜಿನಿಯರು ಅದರ ರಚನೆಯ ಮುಖಂಡರು. ನಮ್ಮ ಊರುಗಳ ಮಕ್ಕಳು ಆಡಿದ್ದು ಬಹುಮಟ್ಟಿಗೆ ಈ ಯಂತ್ರವನ್ನಲ್ಲ, ಇದರ ನಕಲುಗಳನ್ನು. ಹೆಸರು ನೂರು, ಪ್ಲಾಸ್ಟಿಕ್ಕಿನ ಬಣ್ಣ ಹತ್ತು, ಒಳಗಿನ ಜೀವ ಮಾತ್ರ ಒಂದೇ. ಕ್ಯಾಸೆಟ್ಟಿನ ಮೇಲೆ ‘೯೯೯೯೯೯ ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಎಣಿಸಿದರೆ ಐದಾರು.

ನಮ್ಮ ಪೇಟೆಯಲ್ಲಿ ಇದು ಮೊದಲು ಬಂದದ್ದು ಬಾಡಿಗೆ ಅಂಗಡಿಗೆ. ಅರ್ಧ ಗಂಟೆಗೆ ಎರಡು ರೂಪಾಯಿ. ಬಟ್ಟೆಯ ಪರದೆ ಕಟ್ಟಿದ ಕತ್ತಲ ಕೋಣೆ, ಬಣ್ಣದ ಟೀವಿ, ಬೆಂಚಿನ ಮೇಲೆ ಆಡುವವರು ಇಬ್ಬರು, ಹಿಂದೆ ನಿಂತು ಸಲಹೆ ಕೊಡುವವರು ಹನ್ನೆರಡು ಮಂದಿ. ಹುಡುಗಿಯರು ಅಲ್ಲಿಗೆ ಬರುತ್ತಿರಲಿಲ್ಲ. ಬರಕೂಡದೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಬೋರ್ಡಿನ ಅಗತ್ಯ ಇರಲಿಲ್ಲ, ಅಷ್ಟೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನಿಗೆ ಆ ಆಟ ಒಂದು ವರ್ಷ ಕಾಲ ಬರಿಯ ವರದಿಯಾಗಿತ್ತು. ನಾನು ಬಂದು ಹೇಳಬೇಕು, ಅವಳು ಕೇಳಬೇಕು. ರೇಡಿಯೋದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿದಂತೆ. ೧೯೯೩ರ ಬೇಸಿಗೆ ರಜೆಯಲ್ಲಿ ಪೆಟ್ಟಿಗೆಯನ್ನೇ ದಿನದ ಬಾಡಿಗೆಗೆ ಮನೆಗೆ ಕೊಡುವ ಪದ್ಧತಿ ಬಂದಾಗ ಅವಳ ಕೈಗೂ ಅದು ಸಿಕ್ಕಿತು. ಮೂರನೆಯ ದಿನಕ್ಕೆ ಅವಳು ನಮ್ಮ ಬೀದಿಯ ಹುಡುಗರನ್ನೆಲ್ಲ ಮೀರಿಸಿದ್ದಳು.

ಟೀವಿಯ ಪಿಕ್ಚರ್ ಟ್ಯೂಬ್ ಕೆಟ್ಟುಹೋಗುತ್ತದೆಂದು ನಮ್ಮ ತಂದೆಯವರಿಗೆ ಭಯ. ಈ ಭಯ ಅಂದು ಮನೆಮನೆಯಲ್ಲೂ ಇತ್ತು. ಒಂದೇ ನಿಶ್ಚಲ ಚಿತ್ರವನ್ನು ದಿನಗಟ್ಟಲೆ ತೋರಿಸಿದರೆ ಟ್ಯೂಬಿನ ಲೇಪ ಅಲ್ಲಿ ಸವೆಯುವುದು ನಿಜ. ಮಕ್ಕಳು ಒಂದೆರಡು ಗಂಟೆ ಆಡಿದ ಮಾತ್ರಕ್ಕೆ ಹಾಗಾಗದು. ವಾಸ್ತವವಾಗಿ ಪೆಟ್ಟಿಗೆ ಮಾಡುತ್ತಿದ್ದುದು ಸರಳವಾದ ಕೆಲಸ. ರೇಡಿಯೋ ಬಲ್ಲ ಮನೆಯವರಿಗೆ ಅದನ್ನು ತಿಳಿಸುವುದು ಸುಲಭ. ಅದೊಂದು ಪುಟ್ಟ ಪ್ರಸಾರ ಕೇಂದ್ರ. ಚಿತ್ರವನ್ನೂ ಧ್ವನಿಯನ್ನೂ ಒಂದು ವಾಹಕ ಅಲೆಯ ಮೇಲೇರಿಸಿ, ಗಾಳಿಗೆ ಬಿಡದೆ, ತಂತಿಯ ಮೂಲಕ ಟೀವಿಯ ಆಂಟೆನಾ ತೂತಿಗೆ ಕಳಿಸುತ್ತಿತ್ತು. ಟೀವಿಗೆ ಅದು ದೂರದರ್ಶನದಂತೆಯೇ ಇನ್ನೊಂದು ನಿಲಯ. ಆದ್ದರಿಂದಲೇ ಟ್ಯೂನಿಂಗ್ ಗುಂಡಿಯನ್ನು ತಿರುಗಿಸುತ್ತ, ಗರಗರ ಸದ್ದಿನ ನಡುವೆ ಆಟವನ್ನು ‘ಹುಡುಕ’ಬೇಕಾಗಿತ್ತು. ವ್ಯತ್ಯಾಸವೇನೆಂದರೆ, ಈ ನಿಲಯ ಕೇಳುಗನ ಹೆಬ್ಬೆರಳಿನ ಮಾತನ್ನು ಕೇಳುತ್ತಿತ್ತು.

ಇನ್ನು ಒಳಗಿನ ಬಡತನವನ್ನು ನೋಡಿ. ಕೆಲಸಕ್ಕೆ ಬೇಕಾದ ನೆನಪಿನ ಜಾಗ ೨ ಕಿಲೋಬೈಟು, ಚಿತ್ರಕ್ಕೆಂದು ಮತ್ತೆ ೨. ಪರದೆ ಅಗಲಕ್ಕೆ ೨೫೬, ಎತ್ತರಕ್ಕೆ ೨೪೦ ಚುಕ್ಕೆಗಳ ರಂಗವಲ್ಲಿ. ೧೯೮೫ರ ಸೆಪ್ಟೆಂಬರ್ ೧೩ರಂದು ಹೊರಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟ, ಅದರ ಕೋಟೆ ಕೊತ್ತಲ, ನೀರು ನೆಲ, ಸಂಗೀತ ಎಲ್ಲ ಸೇರಿ, ೪೦ ಕಿಲೋಬೈಟು. ಈಗ ತಮ್ಮ ಕೈಯಲ್ಲಿರುವ ಈ ಲೇಖನವೊಂದನ್ನೇ ಗಣಕಯಂತ್ರದಲ್ಲಿ ಕನ್ನಡ ಲಿಪಿಯಲ್ಲಿ ಕೂಡಿಟ್ಟರೆ ಅದರ ಅರ್ಧಕ್ಕೂ ಮಿಕ್ಕಿದ ಜಾಗ ಹಿಡಿಯುತ್ತದೆ.

ಇಷ್ಟರಲ್ಲಿ ಸಂಸಾರ ನಡೆಸಬೇಕು. ಹೇಗೆ? ಮನೆಯಲ್ಲಿ ಒಂದೇ ಸೀರೆಯನ್ನು ಒಮ್ಮೆ ಉಡುವುದಕ್ಕೂ ಒಮ್ಮೆ ಹೊದೆಯುವುದಕ್ಕೂ ಬಳಸುವ ಹಾಗೆ. ಮಾರಿಯೋ ಆಟದಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಅಂಗಡಿಯ ಬಣ್ಣದ ಟೀವಿಯ ಮುಂದೆ ಒಂದು ವರ್ಷ ನೆರೆದ ನಮ್ಮಲ್ಲಿ ಯಾರೂ ಇದನ್ನು ಆಡಿದ್ದಿಲ್ಲ. ನಮ್ಮ ಮನೆಯ ಟೀವಿ ಕಪ್ಪು-ಬಿಳುಪಿನದು. ಬಣ್ಣದ ಮುಸುಕಿಲ್ಲದ ಆ ಬೂದು ಪರದೆಯ ಮುಂದೆ ಕುಳಿತ ಮೊದಲ ದಿನವೇ ಅಕ್ಕ ಹೇಳಿದಳು: “ಮೋಡಾನೇ ತಂದು ನೆಲದ ಮೇಲೆ ನೆಟ್ಟಿದಾರೆ ಕಣೋ.”

ಮಾರಿಯೋನ ಮೀಸೆಯ ಕಥೆಯೂ ಇದೇ ಜಾತಿಯದು. ೧೯೮೧ರ ‘ಡಾಂಕಿ ಕಾಂಗ್’ ಎಂಬ ಆಟಕ್ಕಾಗಿ ಶಿಗೆರು ಮಿಯಾಮೊಟೊ ಅವನನ್ನು ಮೊದಲು ಬರೆದಾಗ, ಬಾಯಿಯನ್ನು ಬಿಡಿಸಲು ಚುಕ್ಕೆಗಳು ಸಾಲಲಿಲ್ಲ. ಮೂಗಿನ ಕೆಳಗೆ ಮೀಸೆ ಇಟ್ಟರು. ಕೂದಲು ಹಾರುವುದನ್ನು ತೋರಿಸುವುದು ಕಷ್ಟ, ಟೋಪಿ ಹಾಕಿದರು. ಓಡುವಾಗ ತೋಳು ಬೀಸುವುದು ಕಾಣಬೇಕು. ಅಂಗಿಯ ಮೇಲೆ ಬೇರೆ ಬಣ್ಣದ ಕೂಲಿಯವನ ಉಡುಪು ತೊಡಿಸಿದರು. ಜಗತ್ತಿಗೆಲ್ಲ ಪರಿಚಿತವಾದ ಒಂದು ಮುಖ ಹೀಗೆ ಇಲ್ಲದ್ದನ್ನು ಮುಚ್ಚಿಕೊಳ್ಳುತ್ತ ಮೂಡಿತು. ಈ ಮಿಯಾಮೊಟೊ ಕ್ಯೋಟೋದ ಬಳಿಯ ಸೊನೊಬೆ ಎಂಬ ಊರಿನವರು; ಹುಡುಗನಾಗಿದ್ದಾಗ ದೀಪ ಹಿಡಿದು ಗುಹೆಯೊಂದನ್ನು ಹೊಕ್ಕು ಅಲೆದ ನೆನಪೇ ಮುಂದೆ ೧೯೮೬ರ ‘ಜೆಲ್ಡಾ’ ಆಟಕ್ಕೆ ಬೀಜವಾಯಿತೆಂದು ಅವರು ಹೇಳಿಕೊಂಡಿದ್ದಾರೆ.

ಧ್ವನಿಯ ವಿಚಾರ ರೇಡಿಯೋ ಕೇಳುಗರಿಗೆ ಹೆಚ್ಚು ಹಿಡಿಸೀತು. ಆ ಪೆಟ್ಟಿಗೆಯ ನಿಲಯದಲ್ಲಿ ಕಲಾವಿದರು ಐವರೇ. ರಾಗ ನುಡಿಸಲು ಚೂಪು ದನಿಯ ಇಬ್ಬರು. ಕೆಳಸ್ಥಾಯಿಗೆ ಮೆತ್ತನೆಯ ದನಿಯ ಒಬ್ಬ. ತಾಳಕ್ಕೆ ಬರಿಯ ‘ಚ್ಸ್’ ಎನ್ನುವ ಒಬ್ಬ. ಐದನೆಯವನು ಮೊದಲೇ ಮುದ್ರಿಸಿದ ಚೂರುಪಾರು ಸದ್ದನ್ನು ಒಪ್ಪಿಸುವವನು. ಆಟದಲ್ಲಿ ಗೊಂಬೆ ನೆಗೆದರೆ, ನಾಣ್ಯ ಸಿಕ್ಕರೆ, ಆ ಸದ್ದನ್ನೂ ಇವರಲ್ಲೇ ಒಬ್ಬ ಮಾಡಬೇಕು. ಆ ಕ್ಷಣಕ್ಕೆ ಅವನು ರಾಗವನ್ನು ಬಿಟ್ಟು, ‘ಠಣ್’ ಎನ್ನಿಸಿ, ಮತ್ತೆ ಬಂದು ಕೂಡಿಕೊಳ್ಳುತ್ತಾನೆ. ಕೊಜಿ ಕೊಂಡೊ ಮಾರಿಯೋಗೆ ರಾಗ ಕಟ್ಟಿದ್ದು ಇವರಲ್ಲಿ ಮೊದಲ ನಾಲ್ವರನ್ನು ನೆಚ್ಚಿಕೊಂಡು. ಉಳಿದ ಅಲಂಕಾರಕ್ಕೆ ಎಡೆಯಿಲ್ಲದೆ ರಾಗವೊಂದೇ ಎದ್ದು ನಿಲ್ಲಬೇಕಾಗಿತ್ತು. ಇಷ್ಟು ವರ್ಷಗಳ ಮೇಲೂ ಜನ ಅದನ್ನು ಗುನುಗುವುದಕ್ಕೆ ಕಾರಣ ಅದೇ ಎಂದು ನನ್ನ ಎಣಿಕೆ.

ಅಭಾವವೇ ಆಟದ ಹುರುಪಾದ ಉದಾಹರಣೆ ಇನ್ನೂ ಹಿಂದಿನದೊಂದಿದೆ. ಟೊಮೊಹಿರೊ ನಿಶಿಕಾಡೊ ೧೯೭೮ರಲ್ಲಿ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಮೇಲಿನಿಂದ ಸಾಲುಸಾಲಾಗಿ ಇಳಿದು ಬರುವ ಶತ್ರುಗಳನ್ನು ಹೊಡೆಯಬೇಕು. ಯಂತ್ರ ಬಡಪಾಯಿ, ಇಡೀ ಸೈನ್ಯವನ್ನು ಬರೆಯುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಶತ್ರುಗಳು ಸತ್ತಂತೆಲ್ಲ ಅದರ ಭಾರ ಇಳಿದು, ಉಳಿದವರು ವೇಗವಾಗಿ ಓಡತೊಡಗಿದರು. ನಿಶಿಕಾಡೊ ಅದನ್ನು ತಿದ್ದಲಿಲ್ಲ, ಇರಗೊಟ್ಟರು. ಕೊನೆಯ ಶತ್ರು ಮಿಂಚಿನಂತೆ ಸರಿಯುವಾಗ ಆಡುವವನ ಎದೆ ಡವಗುಟ್ಟುವುದು ಹೀಗೆ ಬಂದ ಸೊಗಸು.

ಮಕ್ಕಳಿಗೆ ಅತಿ ವಿಸ್ಮಯವಾಗಿದ್ದುದು ಬಾತುಕೋಳಿ ಬೇಟೆಯ ಬಂದೂಕು. ೧೯೮೪ರ ‘ಡಕ್ ಹಂಟ್’. ಟೀವಿಯತ್ತ ಗುರಿಯಿಟ್ಟು ಕುದುರೆಯನ್ನೆಳೆದರೆ ಪರದೆಯ ಹಕ್ಕಿ ಬೀಳುತ್ತದೆ! ಬಂದೂಕಿನಿಂದ ಏನೋ ಕಿರಣ ಹೊರಡುತ್ತದೆಂದು ನಮ್ಮೆಲ್ಲರ ನಂಬಿಕೆ. ಹೊರಡುವುದೇನೂ ಇಲ್ಲ. ಬಂದೂಕು ಒಂದು ಕಣ್ಣು, ಅದು ನೋಡುತ್ತದೆ. ಕುದುರೆಯೆಳೆದ ಕೂಡಲೆ ಯಂತ್ರ ಇಡೀ ಪರದೆಯನ್ನು ಕಣ್ಣೆವೆಯಿಕ್ಕುವುದರೊಳಗೆ ಕಪ್ಪಾಗಿಸಿ, ಮರುಕ್ಷಣ ಹಕ್ಕಿಯಿದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಚೌಕವನ್ನು ಬೆಳಗಿಸುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಬಲ್ಬಿಗೆ ಗುರಿಯಿಟ್ಟು ಮೋಸಮಾಡಲು ಹೋದವರು ಸೋಲುತ್ತಿದ್ದುದು ಆ ಮೊದಲ ಕತ್ತಲೆಯಿಂದ. ಈ ಉಪಾಯ ನಡೆಯುವುದು ಹಳೆಯ ಗಾಜಿನ ಟ್ಯೂಬಿನ ಟೀವಿಯಲ್ಲಿ ಮಾತ್ರ. ಇಂದಿನ ಚಪ್ಪಟೆ ಟೀವಿ ಚಿತ್ರವನ್ನು ತುಸು ತಡೆದು, ಬೇರೆ ಬಗೆಯಲ್ಲಿ ತೋರಿಸುತ್ತದೆ. ಬಂದೂಕಿಗೆ ಹಕ್ಕಿ ಕಾಣಿಸುವುದೇ ಇಲ್ಲ.

‘ಕಾಂಟ್ರಾ’ವನ್ನು ಮರೆತರೆ ಓದುಗರು ನನ್ನನ್ನು ಕ್ಷಮಿಸಲಾರರು. ಇಬ್ಬರು ಒಟ್ಟಿಗೆ ಆಡುವ ಯುದ್ಧ. ಶತ್ರುಗಳು ಹೆಚ್ಚಿದರೆ ಗೊಂಬೆಗಳು ಮಿಣಮಿಣ ಮಿನುಗುತ್ತಿದ್ದುವು. ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಂಡುಚಿತ್ರಗಳನ್ನು ಯಂತ್ರ ತೋರಿಸಲಾರದು. ಆದ್ದರಿಂದ ಸರದಿಯ ಮೇಲೆ ಒಂದೊಂದನ್ನು ಮರೆಮಾಡುತ್ತಿತ್ತು. ಮೂರೇ ಪ್ರಾಣಗಳಲ್ಲಿ ಈ ಆಟವನ್ನು ಮುಗಿಸುವುದು ಯಾರಿಂದಾದೀತು? ಅದಕ್ಕೆ ಒಂದು ಮಂತ್ರವಿತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಪ್ರಾಣ ೩೦ ಆಗುತ್ತಿತ್ತು. ಮಗ್ಗಿ ಬಾರದ ಹುಡುಗರಿಗೂ ಇದು ಬಾಯಿಪಾಠ. ಕಝುಹಿಸಾ ಹಾಶಿಮೊಟೊ ಎಂಬವರು ೧೯೮೬ರಲ್ಲಿ ‘ಗ್ರಾಡಿಯಸ್’ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವಾಗ, ಪರೀಕ್ಷಿಸಿ ನೋಡಲು ತಮಗೇ ಅದು ತೀರ ಕಠಿಣವಾದ್ದರಿಂದ, ತಮ್ಮ ಅನುಕೂಲಕ್ಕೆಂದು ಇಟ್ಟುಕೊಂಡ ಕಳ್ಳಗಿಂಡಿ ಇದು. ೨೦೨೦ರಲ್ಲಿ ಅವರು ತೀರಿಕೊಂಡರು. ಆ ಮಂತ್ರ ಜಪಾನಿನಿಂದ ನಮ್ಮ ಪೇಟೆಯ ಬೆಂಚಿನವರೆಗೆ ನಡೆದು ಬಂದುದು ಒಂದು ಸೋಜಿಗವೇ.

ಕೊರತೆಯಿದ್ದಲ್ಲಿ ಆಡುವವನು ತನ್ನದನ್ನು ಬೆರೆಸಬೇಕಾಗುತ್ತದೆ. ಹದಿನಾರು ಚುಕ್ಕೆಯ ಅಗಲದ ಗೊಂಬೆಗೆ ಮುಖಭಾವವನ್ನು ಕೊಟ್ಟವರು ನಾವು. ಬೂದು ಪರದೆಗೆ ಬಣ್ಣ ತುಂಬಿದವಳು ಅಕ್ಕ. ನಾವೇ ತುಂಬಿದ ಜಾಗ ಅಷ್ಟಿಷ್ಟು ನಮ್ಮದಾಗಿಬಿಡುತ್ತದೆ. ಈ ಮಮತೆ ಅಳಿಯದೆ ಉಳಿದಿರುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ತೋರದು.

ಮಮತೆ ಉಳಿದಿದೆ; ವಸ್ತುಗಳು ಉಳಿಯುತ್ತಿಲ್ಲ. ನಿಂಟೆಂಡೋ ಆ ಮೂಲ ಯಂತ್ರದ ತಯಾರಿಕೆಯನ್ನು ೨೦೦೩ರಲ್ಲಿ ನಿಲ್ಲಿಸಿತು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ ೮೭ರಷ್ಟು ಅಂಗಡಿಯಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ೨೦೧೨ರಲ್ಲಿ ‘ಪ್ಯಾಕ್-ಮ್ಯಾನ್’, ‘ಟೆಟ್ರಿಸ್’ ಮೊದಲಾದ ೧೪ ಆಟಗಳನ್ನು ತನ್ನ ಭಂಡಾರಕ್ಕೆ ಸೇರಿಸಿಕೊಂಡಿತು. ಆಟವನ್ನು ದಾಖಲಿಸುವುದು ನಮಗೇನೂ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟರು. ಮಣೆಯಾಟ, ಎಲೆಯಾಟಗಳ ಎಷ್ಟೋ ವಿವರ ಅದರಿಂದ ಉಳಿದು ಬಂದಿದೆ. ಪೇಟೆಗಳ ಬಾಡಿಗೆ ಅಂಗಡಿ, ನಕಲು ಪೆಟ್ಟಿಗೆ, ಸುಳ್ಳು ಲೆಕ್ಕದ ಕ್ಯಾಸೆಟ್ಟು, ಇವುಗಳ ಚರಿತ್ರೆ ಮಾತ್ರ ಬಹುಮಟ್ಟಿಗೆ ಆಡಿದವರ ನೆನಪಿನಲ್ಲಷ್ಟೇ ಇದೆ.

ತಮ್ಮ ಮನೆಯ ಅಟ್ಟದಲ್ಲಿ ಅಂಥ ಪೆಟ್ಟಿಗೆಯೊಂದು ಕುಳಿತಿರಬಹುದು. ಗುಜರಿಗೆ ಹಾಕುವ ಮೊದಲು ಒಮ್ಮೆ ಇಳಿಸಿ ನೋಡಿ. ಕ್ಯಾಸೆಟ್ಟಿನ ಬಾಯಿಗೆ ‘ಉಫ್’ ಎಂದು ಊದುವ ಅಭ್ಯಾಸ ನಮ್ಮೆಲ್ಲರದೂ ಆಗಿತ್ತಷ್ಟೆ, ಅದು ಬೇಡ. ಉಸಿರಿನ ತೇವ ಲೋಹದ ಹಲ್ಲುಗಳನ್ನು ತುಕ್ಕು ಹಿಡಿಸುತ್ತದೆ. ಅಂದು ಆಟ ಹತ್ತಿಕೊಳ್ಳುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಕೂರಿಸಿದ್ದರಿಂದ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಹಳೆಯ ಟ್ಯೂಬಿನ ಟೀವಿ ಇದ್ದರೆ ಅದನ್ನೂ ಉಳಿಸಿಕೊಳ್ಳಿ. ಆದರೆ ಅದರ ಹಿಂಬದಿಯನ್ನು ತಾವಾಗಿ ಬಿಚ್ಚಬೇಡಿ, ಸ್ವಿಚ್ಚು ಆರಿಸಿದ ಮೇಲೂ ಒಳಗೆ ಪ್ರಾಣಾಪಾಯದ ವಿದ್ಯುತ್ತು ನಿಂತಿರುತ್ತದೆ. ಪಕ್ಕದ ಮನೆಯ ಹಳೆಯ ರೇಡಿಯೋ ರಿಪೇರಿಯವರನ್ನು ಕರೆದರೆ ಅವರಿಗೂ ಸಂತೋಷವಾದೀತು.