ಮತವಿಲ್ಲದ ಆಸನದಿಂದ ಮಂತ್ರಿಗಿರಿಗೆ

ಖಾರಘರದಲ್ಲಿ ಹಾರ್ಬರ್ ಲೋಕಲ್ ಹತ್ತಿದರೆ ಬೇಲಾಪುರ, ಸೀವುಡ್ಸ್ ದಾಟಿ ಸಿಗುವುದು ನೆರೂಳ್. 1983ರಲ್ಲಿ ಶುರುವಾದ ರಾಮರಾವ್ ಆದಿಕ್ ಎಂಜಿನಿಯರಿಂಗ್ ಕಾಲೇಜು ಇರುವುದು ಅಲ್ಲೇ. ಹುಡುಗರ ಬಾಯಲ್ಲಿ ಅದು ಬರೀ ‘ಆರ್‌ಎಐಟಿ’. ಆ ‘ಆರ್‌ಎ’ ಯಾರೆಂಬುದು ಮುಂಬೈ ಕನ್ನಡಿಗರಿಗೆ ತಿಳಿದಿರಬೇಕು.

ಬ್ಯಾರಿಸ್ಟರ್ ರಾಮರಾವ್ ಆದಿಕ್ ಕಾಂಗ್ರೆಸ್ಸಿಗರು. ಆದರೂ 1966ರ ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ನಡೆದ ಶಿವಸೇನೆಯ ಮೊದಲ ಬೃಹತ್ ಸಭೆಯ ವೇದಿಕೆಯಲ್ಲಿ ಅವರಿದ್ದರು. ಆ ದಿನಗಳಲ್ಲಿ ಸೇನೆಯ ಸಿಟ್ಟೆಲ್ಲ ‘ಮದ್ರಾಸಿ’ಗಳ ಮೇಲೆ. ಉಡುಪಿ ಹೋಟೆಲಿನವರೂ, ಆಫೀಸಿನ ಟೈಪಿಸ್ಟರೂ ಅದರಲ್ಲೇ ಸೇರಿದ್ದರು. ನಮ್ಮ ಹಿರಿಯರು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ವ್ಯಾಪಾರ ಮಾಡಿದ ಕಾಲ ಅದು.

1974ರ ಜನವರಿಯಲ್ಲಿ ಮುಂಬೈ ಮಧ್ಯ ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಗಿರಣಿ ಕಾರ್ಮಿಕರ ಸೀಮೆ. ಕಾಂಗ್ರೆಸ್ ಅಭ್ಯರ್ಥಿ ಆದಿಕ್, ಬೆನ್ನಿಗೆ ಶಿವಸೇನೆ. ದಲಿತ ಪ್ಯಾಂಥರ್ಸ್ ಬಹಿಷ್ಕಾರದ ಕರೆ ಕೊಟ್ಟಿತು; ವರ್ಲಿಯ ಬಿಡಿಡಿ ಚಾಳುಗಳಲ್ಲಿ ಗಲಭೆ ಎದ್ದಿತು. ಗೆದ್ದವರು ಕಮ್ಯುನಿಸ್ಟ್ ನಾಯಕ ಡಾಂಗೆಯವರ ಮಗಳು, ಅದೇ ಪಕ್ಷದ ರೋಜಾ ದೇಶಪಾಂಡೆ.

ಚುನಾವಣೆ ಸೋತ ಇದೇ ಆದಿಕ್ ಆ ದಶಕದಲ್ಲೇ ಮಹಾರಾಷ್ಟ್ರದ ಅಡ್ವೊಕೇಟ್ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ಕಾನೂನು ಸಲಹೆಗಾರ, ಆದರು. ಅದು ಎಂಥ ಕುರ್ಚಿ! 1957ರಿಂದ 1974ರವರೆಗೆ ಅದರಲ್ಲಿ ಕೂತಿದ್ದವರು ಎಚ್.ಎಂ. ಸೀರ್ವಾಯಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಪ್ರಕರಣದಲ್ಲಿ ಕೇರಳ ಸರ್ಕಾರದ ಪರ ವಾದಿಸಿದವರೂ ಅವರೇ. ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಅಲ್ಲಿ ವಾದಿಸಿದವರು, ತುರ್ತು ಪರಿಸ್ಥಿತಿಯನ್ನು ಕಂಡ ಮೇಲೆ ನಿಲುವು ಬದಲಿಸಿ ಬರೆದರು. ಯಾವ ಪಕ್ಷದ ಟಿಕೆಟ್ಟಿಗೂ ಕೈಚಾಚದವರಿಗೆ ಇರುವ ಧೈರ್ಯ ಅದು.

ಸಂವಿಧಾನದ 165ನೇ ವಿಧಿಯಂತೆ ಅಡ್ವೊಕೇಟ್ ಜನರಲ್‌ರನ್ನು ನೇಮಿಸುವವರು ರಾಜ್ಯಪಾಲರು. ಅವರ ಇಚ್ಛೆ ಇರುವಷ್ಟು ದಿನ ಹುದ್ದೆ. ರಾಜ್ಯಪಾಲರ ಇಚ್ಛೆಯೆಂದರೆ ಸರ್ಕಾರದ ಇಚ್ಛೆಯೇ. 177ನೇ ವಿಧಿಯಂತೆ ಅಡ್ವೊಕೇಟ್ ಜನರಲ್ ಶಾಸನಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಆದಿಕ್ ಆ ಗೆರೆಯನ್ನೂ ದಾಟಿದರು. 1983ರಲ್ಲಿ ವಸಂತದಾದಾ ಪಾಟೀಲರ ಸಂಪುಟದಲ್ಲಿ ಉಪಮುಖ್ಯಮಂತ್ರಿ, ಮುಂದೆ ಹಣಕಾಸು ಸಚಿವ.

ಅಮೆರಿಕದ ಹಲವು ರಾಜ್ಯಗಳಲ್ಲಿ ದಾರಿ ಬೇರೆ. ಕ್ಯಾಲಿಫೋರ್ನಿಯಾದ ಶಾಸಕ ರಾಬ್ ಬೊಂಟಾ 2021ರಲ್ಲಿ ಅಟಾರ್ನಿ ಜನರಲ್ ಆದರು, ಮರುವರ್ಷ ಜನರ ಮತ ಕೇಳಿ ಗೆದ್ದರು. ಅಲ್ಲಿ ರಾಜಕಾರಣ ಬಹಿರಂಗ, ಲೆಕ್ಕ ಕೇಳುವವರು ಮತದಾರರು. ನಮ್ಮಲ್ಲಿ ಹಾಗಲ್ಲ. ಕರ್ನಾಟಕದಲ್ಲೂ ಹೆಚ್ಚುವರಿ ಅಡ್ವೊಕೇಟ್ ಜನರಲ್ ಆಗಿದ್ದ ಎ.ಎಸ್. ಪೊನ್ನಣ್ಣ 2023ರಲ್ಲಿ ವಿರಾಜಪೇಟೆಯಿಂದ ಶಾಸಕರಾದರು. ಕಾನೂನು ಇದನ್ನು ತಡೆಯುವುದಿಲ್ಲ. ಯಾರೊಬ್ಬರ ತಪ್ಪೂ ಇದಲ್ಲ.

ಆದರೆ ಸರ್ಕಾರ ಒಂದು ಆದೇಶ ಹೊರಡಿಸುವ ಮುನ್ನ ‘ಇದು ಕಾನೂನಿಗೆ ವಿರುದ್ಧ, ಬೇಡ’ ಎಂದು ಮುಖ್ಯಮಂತ್ರಿಯ ಎದುರು ಹೇಳಬೇಕಾದವರು ಅಡ್ವೊಕೇಟ್ ಜನರಲ್. ನಾಳೆ ಅದೇ ಮುಖ್ಯಮಂತ್ರಿಯಿಂದ ಟಿಕೆಟ್ ಬೇಕಾದವರಿಗೆ ಆ ಮಾತು ಸುಲಭವಲ್ಲ. ಚುನಾವಣೆಗೆ ನಿಂತವರನ್ನು ಈ ಹುದ್ದೆಗೆ ತರುವ ಮುನ್ನ, ಹುದ್ದೆ ಬಿಟ್ಟವರು ಚುನಾವಣೆಗೆ ನಿಲ್ಲುವ ಮುನ್ನ ಕೆಲವು ವರ್ಷಗಳ ಅಂತರ ಕಡ್ಡಾಯವಾಗಬೇಕು. ವಕೀಲರ ಸಂಘಗಳು ಈ ಬೇಡಿಕೆಯನ್ನು ಎತ್ತಿಕೊಳ್ಳಲಿ.