ಗಾಲಿಮನೆಯ ನೆಲದಡಿಯ ನೀರು

ಮೋಟಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೊರಡುವ ವಾಡಿಕೆ ಅಮೆರಿಕದಲ್ಲಿ ಹಳೆಯದು. ಇಂಥ ಗಾಲಿಮನೆಗಳಲ್ಲಿ ವಾಲಿ ಬಯಮ್ ರೂಪಿಸಿದ ‘ಏರ್‌ಸ್ಟ್ರೀಮ್’ ಹೆಸರುವಾಸಿಯಾದುದು. 1959ರಲ್ಲಿ ಕೇಪ್‌ಟೌನಿನಿಂದ ಹೊರಟ ಅವುಗಳ ಸಾಲು ಕೈರೋವರೆಗೂ ಸಾಗಿತು. ಆಫ್ರಿಕದ ದಾರಿಗೆ ಜಗ್ಗದ ಈ ಮನೆಗೂ ನೆಲದಡಿ ನಿಂತ ನೀರು ಪ್ರಬಲ ವೈರಿ.

ಉಕ್ಕಿನ ಚೌಕಟ್ಟಿನ ಮೇಲೆ ಪ್ಲೈವುಡ್ಡಿನ ನೆಲ. ತಳದಲ್ಲಿ ಕೆಸರು ತಡೆಯಲು ಅಲ್ಯೂಮಿನಿಯಮ್ ತಗಡು. ಎರಡರ ನಡುವೆ ಚಳಿ ತಡೆಯಲು ಗಾಜಿನ ನಾರು. ಹಳೆಯ ಏರ್‌ಸ್ಟ್ರೀಮ್‌ಗಳ ರಚನೆ ಇದು. ಕಿಟಕಿಯ ಅಂಚಿನಿಂದಲೋ ಹಿಂಬದಿಯ ಸಂದಿನಿಂದಲೋ ಇಳಿದ ಮಳೆನೀರನ್ನು ನಾರು ಹೀರಿಕೊಂಡು ಬಹುಕಾಲ ಒದ್ದೆಯಾಗಿಯೇ ಉಳಿಯುತ್ತದೆ. ರಕ್ಷಣೆಗೆಂದು ಹೊದಿಸಿದ ತಗಡೇ ನೀರು ಹಿಡಿದಿಡುವ ಪಾತ್ರೆಯಾಗುತ್ತದೆ! ಮೇಲೆ ನೆಲಹಾಸು ಇರುವುದರಿಂದ ಒಳಗಿನವರಿಗೆ ಏನೂ ಕಾಣದು. ಹಲಗೆ ಕೊಳೆಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಉಕ್ಕಿಗೆ ತಾಗಿದೆಡೆ ಅಲ್ಯೂಮಿನಿಯಮ್ ಕೂಡ ತೇವದಲ್ಲಿ ಬೇಗನೆ ಸವೆಯುತ್ತದೆ. ಕಡೆಗೆ ಹಿಂಭಾಗದ ಒಡಲೇ ಚೌಕಟ್ಟಿನಿಂದ ಕಳಚಿಕೊಳ್ಳುವುದುಂಟು.

ಸಂದುಗಳಿಗೆ ಅಂಟು ತುಂಬಿ ಮುಚ್ಚುವುದು ಮೊದಲ ಕೆಲಸ, ನಿಜ. ಆದರೆ ದಾರಿಯ ಕುಲುಕಾಟದಲ್ಲಿ ಯಾವ ಅಂಟೂ ಶಾಶ್ವತವಾಗಿ ನಿಲ್ಲದು. ಆದುದರಿಂದ ಒಳಬಂದ ನೀರಿಗೆ ಹೊರದಾರಿ ಇರಲೇಬೇಕು. ತಗಡಿನ ತಗ್ಗುಗಳಲ್ಲಿ ಸಣ್ಣ ರಂಧ್ರಗಳನ್ನು ಕೊರೆಯಬೇಕು. ನಾರಿಗೆ ಬದಲಾಗಿ ನೀರು ಹೀರದ ಗಟ್ಟಿ ಫೋಮ್ ಹಲಗೆಯನ್ನು ತಗಡಿಗೆ ತಾಗದಂತೆ ನೆಲದಡಿಗೆ ಬಿಗಿದು, ನಡುವೆ ಗಾಳಿಯಾಡಲು ಎಡೆ ಬಿಡಬೇಕು. ಬೇಗ ನೀರು ಕುಡಿಯುವ ಪ್ಲೈವುಡ್ಡಿನ ಅಂಚುಗಳಿಗೆ ಎಪಾಕ್ಸಿ ಲೇಪಿಸುವುದು ಲೇಸು. ವರ್ಷಕ್ಕೊಮ್ಮೆಯಾದರೂ ನೆಲಹಾಸು ಎತ್ತಿ, ಹಿಂಬದಿಯ ಮೂಲೆಗಳನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ಮೊನೆ ಸರಾಗವಾಗಿ ಇಳಿದರೆ ಅಲ್ಲಿಯ ಹಲಗೆ ಆಗಲೇ ಕೊಳೆತಿದೆಯೆಂದು ತಿಳಿಯಬೇಕು.