ಆಕಾಶದ ಕಲ್ಲಿನಲ್ಲಿ ಆಲಿವೀನ್

ರಾತ್ರಿ ಆಕಾಶದಲ್ಲಿ ಸರ್ರನೆ ಬೆಳಕು ಜಾರಿದರೆ "ಚುಕ್ಕಿ ಬಿತ್ತು" ಅಂತೀವಿ. ಬೀಳೋದು ಚುಕ್ಕಿ ಅಲ್ಲ, ಸೂರ್ಯನನ್ನು ಸುತ್ತುತ್ತಿದ್ದ ಒಂದು ಚೂರು. ಹೆಚ್ಚಿನವು ದಾರಿಯಲ್ಲೇ ಉರಿದು ಹೋಗುತ್ತವೆ. ಉಳಿದು ನೆಲ ಮುಟ್ಟಿದ ಕಲ್ಲೇ ಉಲ್ಕಾಶಿಲೆ.

ನಮ್ಮ ರಾಜ್ಯದಲ್ಲೂ ಬಿದ್ದಿವೆ. 1848ರಲ್ಲಿ ಧಾರವಾಡ ಸೀಮೆಯಲ್ಲಿ, 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿ ಕಡೆ. ಮೂರೂ ಕಾಂಡ್ರೈಟ್ ಎಂಬ ಜಾತಿಯವು. ಈ ಜಾತಿಯ ಕಲ್ಲನ್ನು ಕೊಯ್ದು ನೋಡಿದರೆ ಒಳಗೆ ರಾಗಿ ಕಾಳಿನಂಥ ಸಣ್ಣ ಸಣ್ಣ ಗುಂಡುಗಳು. ಒಂದು ಕಾಲಕ್ಕೆ ಅವು ಕರಗಿದ ಹನಿಗಳಾಗಿದ್ದವು, ಆಮೇಲೆ ಆರಿ ಗಟ್ಟಿಯಾದವು. ಅದು ನಡೆದದ್ದು ಸುಮಾರು 456 ಕೋಟಿ ವರ್ಷಗಳ ಹಿಂದೆ! ಆಗ ನಮ್ಮ ಭೂಮಿಯೇ ಪೂರ್ತಿ ಆಗಿರಲಿಲ್ಲ.

ಆ ಗುಂಡುಗಳಲ್ಲಿ ಹೆಚ್ಚಾಗಿ ಇರುವ ಖನಿಜಗಳಲ್ಲಿ ಒಂದು ಆಲಿವೀನ್. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ ಸೇರಿ ಆದದ್ದು. ಬಣ್ಣ ಎಳೆ ಹಸಿರು. ಚೆನ್ನಾಗಿರುವ ಹರಳನ್ನು ಪೆರಿಡಾಟ್ ಅಂತ ಉಂಗುರಕ್ಕೂ ಹಾಕ್ತಾರೆ.

ಇದೇನು ಆಕಾಶದ್ದೇ ಆಸ್ತಿ ಅಲ್ಲ. ನಮ್ಮ ಕಾಲ ಕೆಳಗೆ ಹತ್ತಾರು ಕಿಲೋಮೀಟರ್ ಆಳ ಹೋದರೆ ಹೆಚ್ಚಿನ ಭಾಗ ಆಲಿವೀನ್ ಕಲ್ಲೇ. ನಮ್ಮ ಜಿಲ್ಲೆಯ ನುಗ್ಗೇಹಳ್ಳಿ, ಹೊಳೆನರಸೀಪುರದ ಕಡೆ 300 ಕೋಟಿ ವರ್ಷಕ್ಕೂ ಹಳೆಯ ಅಂಥ ಕಲ್ಲು ಮೇಲಕ್ಕೇ ಬಂದಿದೆ. ಆದರೆ ಅದರ ಆಲಿವೀನ್ ಬಹುಪಾಲು ನೀರು ಕುಡಿದು ಸರ್ಪೆಂಟೀನ್ ಎಂಬ ಬೇರೆ ಖನಿಜವಾಗಿಬಿಟ್ಟಿದೆ. ನೀರು ಅಂದರೆ ಆಲಿವೀನ್‌ಗೆ ಅಷ್ಟು ಬೇಗ ಆಗಿ ಬರೋದಿಲ್ಲ.

ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಹಳೇ ಉಲ್ಕಾಶಿಲೆ ಸಿಗೋದು ಕಷ್ಟ ಅಂತ ನಾನು ಹೇಳೋದು ಇದಕ್ಕೇ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಾವಿರಾರು ಸಿಕ್ಕಿವೆ, ಅಲ್ಲಿ ಬಿದ್ದದ್ದು ಹಾಗೇ ಇರುತ್ತೆ. ನಮ್ಮ ಜಡಿಮಳೆಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು, ಕಲ್ಲು ಸೀಳಿ, ಆಲಿವೀನ್ ಮಣ್ಣಾಗುತ್ತದೆ. ಮೇಲಾಗಿ ಕಾಫಿ ತೋಟದ ತರಗೆಲೆ ಅಡಿ ಯಾರು ಹುಡುಕ್ತಾರೆ?

ಕಪ್ಪಗಿದ್ದ ಮಾತ್ರಕ್ಕೆ, ಅಯಸ್ಕಾಂತಕ್ಕೆ ಅಂಟಿದ ಮಾತ್ರಕ್ಕೆ ಆಕಾಶದ ಕಲ್ಲು ಅನ್ನಬೇಡಿ. ಭೂಮಿಯ ಕಬ್ಬಿಣದ ಅದಿರೂ ಅಂಟುತ್ತದೆ. ಜಂಬಿಟ್ಟಿಗೆ ಹಾಗೆ ಮೈತುಂಬ ತೂತಿದ್ದರೆ ಅದು ಬಹುಶಃ ಇಲ್ಲಿನದೇ. ಹೊಸದಾಗಿ ಬಿದ್ದದ್ದಕ್ಕೆ ಸುಟ್ಟಂಥ ತೆಳು ಕರಿ ಸಿಪ್ಪೆ ಇರುತ್ತೆ, ಒಡೆದ ಕಡೆ ಒಳಗೆ ಬೂದು ಬಣ್ಣ, ಗಾತ್ರಕ್ಕೆ ಮೀರಿದ ಭಾರ.

ಅಂಥದ್ದು ಬಿದ್ದದ್ದು ಕಂಡರೆ ತೊಳೆಯಬೇಡಿ, ಕುಂಕುಮ ಹಚ್ಚಬೇಡಿ, ಸುತ್ತಿಗೆಯಲ್ಲಿ ಒಡೆಯಬೇಡಿ. ಒಣ ಕಾಗದದಲ್ಲಿ ಸುತ್ತಿ, ಬಿದ್ದ ಜಾಗ, ಹೊತ್ತು ಬರೆದು ಮೇಷ್ಟ್ರ ಕೈಗೆ ಕೊಡಿ. ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಬಹುದು. ಮಳೆಗಾಲವಾದರೆ ಅವತ್ತೇ ಕೊಡಿ.